ಆಡದವರೂ ಅಭಿಮಾನಿಗಳೇ? ಟೇಬಲ್‌ಟಾಪ್ ಆಟಗಳ ಬಳಗದಲ್ಲಿ ಗೇಟ್‌ಕೀಪಿಂಗ್ ಎಂಬ ಜಗಳ

2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮೊದಲ ಕಂತಿನಲ್ಲಿಯೇ ನಾಲ್ವರು ಹುಡುಗರು ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವ ದೃಶ್ಯವಿದೆ. ಅಲ್ಲಿಯವರೆಗೆ ಈ ಆಟದ ಹೆಸರನ್ನೂ ಕೇಳದಿದ್ದ ಅನೇಕರಿಗೆ ಅದೇ ಮೊದಲ ಪರಿಚಯ. ಆ ಹೊತ್ತಿಗಾಗಲೇ ಇಂಥ ಆಟಗಳನ್ನು ನೇರಪ್ರಸಾರದಲ್ಲಿ ಆಡಿ ತೋರಿಸುವ ತಂಡಗಳು ಹುಟ್ಟಿಕೊಂಡಿದ್ದವು; ಮುಂದೆ ಆನಿಮೇಷನ್ ಸರಣಿಗಳೂ ಹೊಸ ವಿಡಿಯೊ ಗೇಮುಗಳೂ ಬಂದವು. ಹೀಗೆ ಬೇರೆ ಬೇರೆ ದಾರಿಗಳಿಂದ ಬಂದ ಹೊಸಬರು ಆನ್‌ಲೈನ್ ಬಳಗಗಳಿಗೆ ಸೇರಿ, ತಮಗೆ ಇಷ್ಟವಾದ ಪಾತ್ರದ ಬಗ್ಗೆಯೋ ಕಥೆಯ ಬಗ್ಗೆಯೋ ನಾಲ್ಕು ಮಾತು ಬರೆಯುತ್ತಿದ್ದಂತೆ ಹಳಬರೊಬ್ಬರಿಂದ ಪ್ರಶ್ನೆಯೊಂದು ಬರುವುದುಂಟು: ‘ಅದಿರಲಿ, ನೀವು ಆಡಿದ್ದೀರಾ?’

ಈ ಪ್ರಶ್ನೆಯನ್ನು ಕೆಲವರು ನಿಜವಾದ ಕುತೂಹಲದಿಂದ ಕೇಳುತ್ತಾರೆ, ಕೆಲವರು ಹೊರಗೆ ದಬ್ಬಲು ಕೇಳುತ್ತಾರೆ. ಕೇಳಿಸಿಕೊಂಡವರಿಗೆ ಮಾತ್ರ ಎರಡೂ ಒಂದೇ ರೀತಿ ಕೇಳಿಸುತ್ತವೆ. ಇದರ ಹಿಂದಿರುವ ಜಗಳ ಏನು, ಅದು ಈ ಆಟಗಳಲ್ಲೇ ಏಕೆ ಇಷ್ಟು ಜೋರು ಎಂಬುದನ್ನು ತಿಳಿಯಲು ಆಟಗಳಿಂದಲೇ ಆರಂಭಿಸಬೇಕು.

ಯಾವ ಆಟಗಳ ಮಾತಿದು?

ಪರದೆಯ ಮೇಲಲ್ಲದೆ ಮೇಜಿನ ಮೇಲೆ, ಎದುರುಬದುರು ಕುಳಿತು ಆಡುವ ಆಟಗಳಿಗೆ ಒಟ್ಟಾರೆಯಾಗಿ ಟೇಬಲ್‌ಟಾಪ್ ಆಟಗಳೆಂದು ಹೆಸರು. ಬೋರ್ಡ್ ಗೇಮುಗಳು, 1993ರ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಮಾದರಿಯ ಕಾರ್ಡ್ ಆಟಗಳು, ಪುಟ್ಟ ಸೈನಿಕರ ಗೊಂಬೆಗಳನ್ನು ಜೋಡಿಸಿ ಬಣ್ಣ ಬಳಿದು ಯುದ್ಧ ಹೂಡುವ ಮಿನಿಯೇಚರ್ ಆಟಗಳು, ರೋಲ್‌ಪ್ಲೇಯಿಂಗ್ ಆಟಗಳು ಎಲ್ಲವೂ ಇದರೊಳಗೆ ಬರುತ್ತವೆ. ಇತ್ತೀಚೆಗೆ ಇವುಗಳಲ್ಲಿ ಹಲವನ್ನು ಇಂಟರ್ನೆಟ್ ಮೂಲಕವೂ ಆಡುತ್ತಾರೆ.

ರೋಲ್‌ಪ್ಲೇಯಿಂಗ್ ಆಟದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಗಳ ಹೆಚ್ಚು ಕಾಣುವುದು ಅಲ್ಲಿಯೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇದರಲ್ಲಿ ಒಬ್ಬರು ಡಂಜನ್ ಮಾಸ್ಟರ್. ಕಥೆಯ ಲೋಕವನ್ನು ವರ್ಣಿಸುವುದು, ಎದುರಾಳಿಗಳನ್ನು ನಡೆಸುವುದು, ನಿಯಮದ ತೀರ್ಮಾನ ಕೊಡುವುದು ಅವರ ಕೆಲಸ. ಉಳಿದವರು ತಲಾ ಒಂದೊಂದು ಪಾತ್ರ ವಹಿಸುತ್ತಾರೆ. ‘ನಾನು ಬಾಗಿಲಿಗೆ ಕಿವಿಗೊಟ್ಟು ಕೇಳುತ್ತೇನೆ’ ಎಂದು ಆಟಗಾರರು ಹೇಳಿದರೆ, ಮಾಸ್ಟರ್ ಇಪ್ಪತ್ತು ಮುಖದ ದಾಳ ಉರುಳಿಸಲು ಹೇಳಿ, ಬಿದ್ದ ಸಂಖ್ಯೆಯನ್ನು ನೋಡಿ, ಒಳಗಿನಿಂದ ಏನು ಕೇಳಿಸಿತು ಎಂದು ತಿಳಿಸುತ್ತಾರೆ. ಬರೆದಿಟ್ಟ ಕಥೆ ಪೂರ್ತಿ ಇರುವುದಿಲ್ಲ. ಮೇಜಿನ ಸುತ್ತ ಕುಳಿತವರ ಮಾತಿನಲ್ಲೇ ಅದು ಬೆಳೆಯುತ್ತದೆ.

ಗೇಟ್‌ಕೀಪಿಂಗ್ ಎಂದರೇನು?

ಸಮಾಜಶಾಸ್ತ್ರದಲ್ಲಿ ಈ ಪರಿಕಲ್ಪನೆ ಬಂದದ್ದು ಆಟಗಳಿಂದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಗಳ ಆಹಾರ ಪದ್ಧತಿಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್, ಯಾವ ಪದಾರ್ಥ ಮನೆಯೊಳಗೆ ಬರಬೇಕು, ಯಾವುದು ಬೇಡ ಎಂದು ನಿರ್ಧರಿಸುವ ವ್ಯಕ್ತಿಯನ್ನು ‘ಗೇಟ್‌ಕೀಪರ್’, ಅಂದರೆ ಬಾಗಿಲು ಕಾಯುವವರು, ಎಂದು ಗುರುತಿಸಿದರು. 1950ರಲ್ಲಿ ಪತ್ರಿಕೋದ್ಯಮದ ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ ಇದನ್ನೇ ಪತ್ರಿಕಾ ಕಚೇರಿಗೆ ಅನ್ವಯಿಸಿ, ಸುದ್ದಿ ಸಂಸ್ಥೆಗಳಿಂದ ಬಂದ ರಾಶಿಯಲ್ಲಿ ಯಾವ ಸುದ್ದಿ ಅಚ್ಚಾಗಬೇಕೆಂದು ಒಬ್ಬ ಸಂಪಾದಕ ಹೇಗೆ ಆಯ್ಕೆ ಮಾಡುತ್ತಾನೆ ಎಂಬುದನ್ನು ತೋರಿಸಿದರು.

ಈ ಎರಡೂ ಕಡೆ ಆಯ್ಕೆ ಮಾಡುವವರಿಗೆ ಒಂದು ಸ್ಥಾನವಿತ್ತು, ಹೊಣೆಯೂ ಇತ್ತು. ಅಭಿಮಾನಿ ಬಳಗಗಳಲ್ಲಿ ಗೇಟ್‌ಕೀಪಿಂಗ್ ಎಂದು ಕರೆಯುವುದು ಇದಕ್ಕಿಂತ ಬೇರೆ. ಅಲ್ಲಿ ಕಾವಲಿಗೆ ಯಾರೂ ಯಾರನ್ನೂ ನೇಮಿಸಿರುವುದಿಲ್ಲ. ತಾವಾಗಿಯೇ ಆ ಕೆಲಸ ವಹಿಸಿಕೊಂಡವರು ಹೊಸಬರ ಅರ್ಹತೆ ಪರೀಕ್ಷಿಸುತ್ತಾರೆ: ಎಷ್ಟು ವರ್ಷದಿಂದ ಆಡುತ್ತಿದ್ದೀರಿ, ಯಾವ ಆವೃತ್ತಿಯಿಂದ ಶುರುಮಾಡಿದಿರಿ, ಇಂಥ ಪಾತ್ರದ ಹಿನ್ನೆಲೆ ಗೊತ್ತೇ? ಒಂದಕ್ಕೆ ಉತ್ತರ ಸಿಕ್ಕರೆ ಮುಂದಿನದು ಇನ್ನೂ ಕಠಿಣವಾಗಿರುತ್ತದೆ, ಆದ್ದರಿಂದ ಇದರಲ್ಲಿ ತೇರ್ಗಡೆಯಾಗುವುದು ಅಪರೂಪ. ಮಹಿಳೆಯರು ಈ ಪರೀಕ್ಷೆಯನ್ನು ಹೆಚ್ಚಾಗಿ ಎದುರಿಸಿದ್ದಾರೆ. ಕಾಮಿಕ್ಸ್, ಆಟ, ವಿಜ್ಞಾನಕಥೆಗಳ ಗೀಳಿನ ಸುತ್ತ ಬೆಳೆದ ‘ಗೀಕ್’ ಸಂಸ್ಕೃತಿಯ ಮಹಿಳಾ ಅಭಿಮಾನಿಗಳು ‘ನಕಲಿ’ಗಳು ಎಂಬ ಆರೋಪ 2012ರ ಸುಮಾರಿಗೆ ಆನ್‌ಲೈನ್‌ನಲ್ಲಿ ದೊಡ್ಡ ವಾಗ್ವಾದಕ್ಕೇ ಕಾರಣವಾಗಿತ್ತು.

ಹೀಗೆ ಹೊರಗಿಡಬೇಕೆನಿಸಿದವರಿಗೆ ಈಗ ಬಳಗಗಳಲ್ಲಿ ಚಾಲ್ತಿಯಲ್ಲಿರುವ ಬಿರುದು ‘ಟೂರಿಸ್ಟ್’. ಇಂದು ಬಂದು, ಎಲ್ಲವನ್ನೂ ತಮ್ಮ ರುಚಿಗೆ ಬದಲಾಯಿಸಬೇಕೆಂದು ಗದ್ದಲ ಮಾಡಿ, ನಾಳೆ ಬೇರೆ ಕಡೆಗೆ ಹೊರಟುಬಿಡುವವರು ಎಂಬುದು ಅದರ ಧ್ವನಿ.

ಆಡದ ಅಭಿಮಾನಿಗಳು ಎಲ್ಲಿಂದ ಬರುತ್ತಾರೆ?

ಮೊದಲ ಕಾರಣ ತೀರಾ ಸರಳವಾದದ್ದು. ಈ ಆಟಗಳನ್ನು ಆಡುವುದೇ ಕಷ್ಟ. ನಾಲ್ಕೈದು ಮಂದಿ ಒಂದೇ ದಿನ, ಒಂದೇ ಹೊತ್ತಿನಲ್ಲಿ, ಮೂರು ನಾಲ್ಕು ಗಂಟೆ ಬಿಡುವು ಮಾಡಿಕೊಂಡು, ಅದನ್ನು ವಾರವಾರವೂ ತಪ್ಪದೆ ನಡೆಸಬೇಕು. ಅವರಲ್ಲೊಬ್ಬರು ಡಂಜನ್ ಮಾಸ್ಟರ್ ಆಗಿ ಮುಂಚಿತವಾಗಿ ತಯಾರಿ ಮಾಡಿಕೊಂಡು ಬರಲು ಒಪ್ಪಬೇಕು. ಆಟದ ಅತಿ ದೊಡ್ಡ ರಾಕ್ಷಸ ಡ್ರ್ಯಾಗನ್ ಅಲ್ಲ, ಎಲ್ಲರ ಬಿಡುವಿನ ವೇಳೆ ಹೊಂದಿಸುವುದು ಎಂಬ ತಮಾಷೆ ಈ ಬಳಗಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಹೀಗಾಗಿ ಆಡಬೇಕೆಂಬ ಆಸೆಯಿಂದ ಪುಸ್ತಕ ಕೊಂಡು, ಪಾತ್ರಗಳನ್ನು ರೂಪಿಸಿ, ತಂಡ ಕೂಡದೆ ಉಳಿದವರು ಬಹಳ. ನಿಯಮಪುಸ್ತಕ ಓದುತ್ತ, ಎಂದೂ ಆಡದ ಪಾತ್ರಗಳನ್ನು ಕಾಗದದ ಮೇಲೆ ಕಟ್ಟುತ್ತ ಕಳೆಯುವ ಸಂತೋಷವನ್ನು ಆಟಗಾರರೇ ‘ಲೋನ್ಲಿ ಫನ್’ ಎಂದು ಕರೆಯುತ್ತಾರೆ.

ಎರಡನೆಯದು, ಆಟದ ಸುತ್ತ ಬೆಳೆದಿರುವ ಬೇರೆ ಹವ್ಯಾಸಗಳು. ಇದಕ್ಕೆ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ‘ವಾರ್‌ಹ್ಯಾಮರ್ 40,000’ ಒಳ್ಳೆಯ ಉದಾಹರಣೆ. 1987ರಲ್ಲಿ ಆರಂಭವಾದ ಈ ಆಟದ ಲೋಕದಲ್ಲಿ ಗೊಂಬೆಗಳಿಗೆ ಬಣ್ಣ ಬಳಿಯುವುದೇ ಸ್ವತಂತ್ರ ಕಲೆಯಾಗಿ ಬೆಳೆದಿದ್ದು, ಅದಕ್ಕೆಂದೇ ‘ಗೋಲ್ಡನ್ ಡೀಮನ್’ ಎಂಬ ಸ್ಪರ್ಧೆ ನಡೆಯುತ್ತದೆ. ಕಂಪನಿಯ ಪ್ರಕಾಶನ ವಿಭಾಗ ಹೊರತಂದ ಕಾದಂಬರಿಗಳ ರಾಶಿಯೇ ಇದೆ. ಕಾದಂಬರಿಗಳನ್ನೆಲ್ಲ ಓದಿ ದಾಳವನ್ನೇ ಮುಟ್ಟದವರು, ವರ್ಷಕ್ಕೊಂದು ಸೈನ್ಯಕ್ಕೆ ಬಣ್ಣ ಬಳಿದು ಗಾಜಿನ ಬೀರುವಿನಲ್ಲಿ ನಿಲ್ಲಿಸುವವರು, ವಿಡಿಯೊ ಗೇಮಿನಿಂದಷ್ಟೇ ಈ ಲೋಕವನ್ನು ಬಲ್ಲವರು ಎಲ್ಲರೂ ಒಂದೇ ಬಳಗದಲ್ಲಿರುತ್ತಾರೆ.

ಮೂರನೆಯದು, ನೋಡುಗರು. 2015ರ ಮಾರ್ಚ್‌ನಲ್ಲಿ ಅಮೆರಿಕದ ಕಂಠದಾನ ಕಲಾವಿದರ ಗುಂಪೊಂದು ತಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ನೇರಪ್ರಸಾರ ಮಾಡತೊಡಗಿತು. ಅದರ ಮೊದಲ ಕಥಾಸರಣಿಯೇ 115 ಕಂತುಗಳಷ್ಟು ಉದ್ದವಿತ್ತು, ಒಂದೊಂದು ಕಂತೂ ಕೆಲವು ಗಂಟೆಗಳದು. 2019ರಲ್ಲಿ ಈ ಕಥೆಯನ್ನು ಆನಿಮೇಷನ್ ಮಾಡಲು, ಜನರಿಂದ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 7,50,000 ಡಾಲರ್ ಕೇಳಿದಾಗ 88,887 ಮಂದಿ ಸೇರಿ 1.13 ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು. ಹಣ ಕೊಡುವಾಗ ಅವರನ್ನು ಯಾರೂ ‘ನೀವು ಆಡಿದ್ದೀರಾ?’ ಎಂದು ಕೇಳಿರಲಿಲ್ಲ.

ಕ್ರಿಕೆಟ್ ನೋಡುವವರನ್ನು ಯಾರೂ ಹೀಗೆ ಕೇಳುವುದಿಲ್ಲವಲ್ಲ?

ಕ್ರಿಕೆಟ್ ಅಭಿಮಾನಿಗಳಲ್ಲಿ ಹೆಚ್ಚಿನವರು ಚರ್ಮದ ಚೆಂಡನ್ನು ಎಂದೂ ಎದುರಿಸಿದವರಲ್ಲ. ಆದರೂ ನಾಯಕನ ಫೀಲ್ಡಿಂಗ್ ಹಂಚಿಕೆ ಸರಿಯಿರಲಿಲ್ಲ ಎಂದು ಅವರು ವಾದಿಸಿದರೆ, ಅವರನ್ನು ಅಭಿಮಾನಿಗಳಲ್ಲ ಎಂದು ಯಾರೂ ತಳ್ಳಿಹಾಕುವುದಿಲ್ಲ. ಹಾಗಾದರೆ ಇಲ್ಲೇಕೆ ಬೇರೆ ನ್ಯಾಯ?

ಕ್ರಿಕೆಟ್ಟಿನಲ್ಲಿ ಪ್ರೇಕ್ಷಕರ ಜಾಗ ಬಹಳ ಹಿಂದಿನಿಂದಲೂ ಇದೆ. ಆಡುವವರು ಹನ್ನೊಂದು ಮತ್ತು ಹನ್ನೊಂದು, ಸುತ್ತ ಕುಳಿತವರು ಸಾವಿರಾರು. ಇಬ್ಬರ ಕೆಲಸವೂ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಮೇಜಿನ ರೋಲ್‌ಪ್ಲೇಯಿಂಗ್ ಆಟಕ್ಕೆ ಮೊದಲ ನಾಲ್ಕು ದಶಕಗಳ ಕಾಲ ಪ್ರೇಕ್ಷಕರೇ ಇರಲಿಲ್ಲ ಎನ್ನಬಹುದು. ಕೋಣೆಯಲ್ಲಿ ಇದ್ದವರೆಲ್ಲ ಆಡುವವರೇ. ಆಟವನ್ನು ಬಲ್ಲವರೆಂದರೆ ಆಡಿದವರು ಎಂಬ ಸಮೀಕರಣವನ್ನು ಹಳಬರು ಸೊಕ್ಕಿನಿಂದ ಕಟ್ಟಿಕೊಂಡದ್ದಲ್ಲ, ಆಗ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ನೇರಪ್ರಸಾರಗಳು ಬಂದ ಮೇಲೆ ಅದು ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು.

ಈ ಬದಲಾವಣೆಯಿಂದ ನಿಜವಾದ ತೊಡಕುಗಳೂ ಹುಟ್ಟಿವೆ. ವೃತ್ತಿಪರ ನಟರ ಆಟವನ್ನು ನೂರಾರು ಗಂಟೆ ನೋಡಿ ಬಂದವರು ತಮ್ಮ ಗೆಳೆಯ ನಡೆಸುವ ಆಟದಲ್ಲೂ ಅದೇ ಮಟ್ಟದ ಅಭಿನಯವನ್ನು ನಿರೀಕ್ಷಿಸುವುದಕ್ಕೆ, ಕ್ರಿಟಿಕಲ್ ರೋಲ್‌ನ ಡಂಜನ್ ಮಾಸ್ಟರ್ ಮ್ಯಾಥ್ಯೂ ಮರ್ಸರ್ ಅವರ ಹೆಸರಿನಿಂದ ‘ಮ್ಯಾಟ್ ಮರ್ಸರ್ ಎಫೆಕ್ಟ್’ ಎಂದೇ ಬಳಗಗಳಲ್ಲಿ ಕರೆಯುತ್ತಾರೆ. ಬಾಯಿ ತೊದಲುತ್ತ, ಪುಟ ತಿರುವಿ ನಿಯಮ ಹುಡುಕುತ್ತ ಆಟ ನಡೆಸುವ ಸಾಮಾನ್ಯ ಮಾಸ್ಟರ್‌ಗೆ ಈ ಹೋಲಿಕೆ ಎಷ್ಟು ಕಿರಿಕಿರಿ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಳಬರ ಎಚ್ಚರಿಕೆಗೆ ಇರುವ ಚರಿತ್ರೆ

ಇದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಆರಾಧನೆಗೂ ಆತ್ಮಹತ್ಯೆಗೂ ದೂಡುತ್ತದೆ ಎಂಬ ಭೀತಿ ಹಬ್ಬಿತ್ತು. 1983ರಲ್ಲಿ ಇದರ ವಿರುದ್ಧ ಪ್ರಚಾರಕ್ಕೆಂದೇ ಸಂಘಟನೆಯೊಂದು ಹುಟ್ಟಿತು. 1985ರಲ್ಲಿ ಹೆಸರಾಂತ ಟಿವಿ ಸುದ್ದಿ ಕಾರ್ಯಕ್ರಮ ‘60 ಮಿನಿಟ್ಸ್’ ಈ ಆರೋಪಗಳನ್ನೇ ವಿಷಯವಾಗಿಟ್ಟುಕೊಂಡಿತು. ಪುಸ್ತಕಗಳನ್ನು ಮನೆಯಲ್ಲಿ ಬಚ್ಚಿಟ್ಟು, ಸಹಪಾಠಿಗಳ ಲೇವಡಿ ಸಹಿಸಿಕೊಂಡು ಆಡಿದ ಪೀಳಿಗೆಗೆ ಆಟದ ಬಳಗವೆಂದರೆ ಹವ್ಯಾಸ ಮಾತ್ರವಲ್ಲ, ಆಶ್ರಯವೂ ಆಗಿತ್ತು. ಹೊರಗಿನವರು ಆಟದ ಬಗ್ಗೆ ಆಡದೆಯೇ ತೀರ್ಪು ಕೊಟ್ಟದ್ದನ್ನು ಅವರು ಒಮ್ಮೆ ಅನುಭವಿಸಿದ್ದರು. ಇಂದಿನ ಹೊಸಬರು ದ್ವೇಷದಿಂದಲ್ಲ, ಪ್ರೀತಿಯಿಂದ ಬರುತ್ತಿದ್ದಾರೆ. ಆದರೂ ‘ಆಡದವರ ಮಾತು’ ಎಂದೊಡನೆ ಹಳೆಯ ಎಚ್ಚರ ಮರಳಿ ಕೆಲಸ ಮಾಡುತ್ತದೆ.

ಇದರ ಜೊತೆಗೆ ಅಂತಸ್ತಿನ ಲೆಕ್ಕವೂ ಸೇರಿಕೊಂಡಿದೆ. ಬ್ರಿಟನ್ನಿನ ಕ್ಲಬ್ ಸಂಗೀತದ ಅಭಿಮಾನಿಗಳನ್ನು ಅಧ್ಯಯನ ಮಾಡಿದ ಸಾರಾ ಥಾರ್ನ್‌ಟನ್ 1995ರಲ್ಲಿ ‘ಉಪಸಂಸ್ಕೃತಿಯ ಬಂಡವಾಳ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಹಣದಂತೆ ಒಳಗಿನ ತಿಳಿವಳಿಕೆಯೂ ಒಂದು ಆಸ್ತಿ. ಅದು ಅಪರೂಪವಾಗಿದ್ದಷ್ಟೂ ಬೆಲೆ ಹೆಚ್ಚು. ವರ್ಷಗಟ್ಟಲೆ ಓದಿ, ಆಡಿ ಗಳಿಸಿದ ತಿಳಿವಳಿಕೆಯನ್ನು ಇನ್ನೊಬ್ಬರು ವಿಕಿ ಪುಟ ಓದಿ ಒಂದು ಸಂಜೆಯಲ್ಲಿ ಪಡೆದುಬಿಟ್ಟರೆ ಆಸ್ತಿಯ ಬೆಲೆ ಇಳಿಯುತ್ತದೆ. ಆಗ ಉಳಿಯುವ ಒಂದೇ ವ್ಯತ್ಯಾಸವೆಂದರೆ ‘ನಾನು ಆಡಿದ್ದೇನೆ, ನೀವು ಆಡಿಲ್ಲ’ ಎಂಬುದು.

ಆಡಿದ ಅನುಭವಕ್ಕೆ ಎಲ್ಲಿ ತೂಕ?

ಹಾಗೆಂದು ಅನುಭವದ ಪ್ರಶ್ನೆಯೇ ಅಸಂಬದ್ಧವಲ್ಲ. ಆಗಾಗ ತಲೆಯೆತ್ತುವ ಒಂದು ವಾದವನ್ನು ಹತ್ತಿರದಿಂದ ನೋಡೋಣ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಮರೆಯಲ್ಲಿ ನಿಂತು ಹೊಡೆಯುವ, ಕಳ್ಳನ ಜಾಡಿನ ‘ರೋಗ್’ ಎಂಬ ಪಾತ್ರವಿದೆ. ಅದಕ್ಕೆ ‘ಸ್ನೀಕ್ ಅಟ್ಯಾಕ್’ ಎಂಬ ವಿಶೇಷ ಶಕ್ತಿ: ತಕ್ಕ ಸಂದರ್ಭದಲ್ಲಿ ಏಟು ತಾಗಿದರೆ ಹೆಚ್ಚುವರಿ ದಾಳಗಳನ್ನು ಉರುಳಿಸಿ, ಬಂದ ಮೊತ್ತವನ್ನು ಗಾಯಕ್ಕೆ ಸೇರಿಸಬಹುದು. ಆಡುತ್ತ ಬೆಳೆದ ಪಾತ್ರ ಐದನೇ ಹಂತ ತಲುಪುವ ಹೊತ್ತಿಗೆ ಹೀಗೆ ಮೂರು ಆರುಮುಖದ ದಾಳಗಳು ಸಿಗುತ್ತವೆ. ಪುಸ್ತಕವನ್ನಷ್ಟೇ ಓದಿದವರಿಗೆ ಇದು ವಿಪರೀತವೆನಿಸಿ, ‘ಈ ನಿಯಮ ಸರಿಯಿಲ್ಲ, ಕಡಿತ ಮಾಡಬೇಕು’ ಎಂದು ಬರೆಯುತ್ತಾರೆ. ‘ಆಡಿ ನೋಡಿ, ಆಮೇಲೆ ಮಾತಾಡಿ’ ಎಂದು ಉತ್ತರ ಬರುತ್ತದೆ.

ಆದರೆ ಇಲ್ಲಿ ಆಡುವ ಅಗತ್ಯವೇ ಇಲ್ಲ, ಕೂಡಿ ನೋಡಿದರೆ ಸಾಕು. ಆರುಮುಖದ ದಾಳದ ಸರಾಸರಿ 3.5. ರೋಗ್ ಕೈಯ ಗಿಡ್ಡ ಕತ್ತಿಗೆ ಒಂದು ದಾಳ, ಪಾತ್ರದ ಚುರುಕುತನಕ್ಕೆ ಹೆಚ್ಚುವರಿಯಾಗಿ 4, ಸ್ನೀಕ್ ಅಟ್ಯಾಕಿಗೆ 10.5, ಒಟ್ಟು 18. ಈ ಶಕ್ತಿ ಒಂದು ಸರದಿಗೆ ಒಮ್ಮೆ ಮಾತ್ರ. ಅದೇ ಹಂತದ ಯೋಧ ‘ಫೈಟರ್’ ಒಂದು ಸರದಿಯಲ್ಲಿ ಎರಡು ಬಾರಿ ಹೊಡೆಯುತ್ತಾನೆ. ಅವನ ದೊಡ್ಡ ಕತ್ತಿಗೆ ಎರಡು ದಾಳ, ಬಲಕ್ಕೆ 4. ಏಟಿಗೆ 11ರಂತೆ ಒಟ್ಟು 22. ಎಲ್ಲ ಏಟುಗಳೂ ತಾಗಿದವೆಂದುಕೊಂಡರೆ ರೋಗ್ ಹಿಂದೆಯೇ ಉಳಿಯುತ್ತಾನೆ. ದಾಳವನ್ನು ಕೈಯಲ್ಲಿ ಹಿಡಿಯದವರೂ ಈ ಲೆಕ್ಕ ಮಾಡಬಲ್ಲರು, ವರ್ಷಗಟ್ಟಲೆ ಆಡಿದವರೂ ಇದನ್ನು ಮಾಡದೆ ತಪ್ಪು ಹೇಳಬಲ್ಲರು.

ಇದೇ ಪಾತ್ರದ ಬಗ್ಗೆ ಬೇರೊಂದು ಪ್ರಶ್ನೆ ಕೇಳಿದರೆ ಸಂಗತಿ ಬದಲಾಗುತ್ತದೆ. ರೋಗ್ ಒಬ್ಬನೇ ಮುಂದೆ ನುಸುಳಿ ಬೇಹುಗಾರಿಕೆ ನಡೆಸುವಾಗ ಉಳಿದ ನಾಲ್ವರು ಆಟಗಾರರು ಏನು ಮಾಡುತ್ತಿರುತ್ತಾರೆ? ಅರ್ಧ ಗಂಟೆ ಸುಮ್ಮನೆ ಕುಳಿತ ಅವರಲ್ಲಿ ಒಬ್ಬರು ಫೋನ್ ತೆಗೆದು ನೋಡತೊಡಗುವುದು ನಿಯಮಪುಸ್ತಕದ ಯಾವ ಪುಟದಲ್ಲೂ ಇಲ್ಲ. ಕಾದಾಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ನಿಯಮ ಕುಳಿತವರ ಉತ್ಸಾಹ ಇಳಿಸುತ್ತದೆ, ಯಾವುದನ್ನು ಎಲ್ಲರೂ ಮರೆತೇಬಿಡುತ್ತಾರೆ ಎಂಬುವು ಮೇಜಿನ ಬಳಿ ಕುಳಿತೇ ತಿಳಿಯಬೇಕಾದವು.

ಮೂರನೇ ಬಗೆಯ ಪ್ರಶ್ನೆಗಳಲ್ಲಿ ಆಡುವುದು ಲೆಕ್ಕಕ್ಕೇ ಬರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ವಾರ್‌ಹ್ಯಾಮರ್ 40,000ದ ಕಥಾಲೋಕದಲ್ಲಿ ಚಕ್ರವರ್ತಿಯ ಅಂಗರಕ್ಷಕರಾದ ‘ಕಸ್ಟೋಡೀಸ್’ ಪಡೆಯಲ್ಲಿ ಮಹಿಳೆಯೂ ಇದ್ದಾಳೆಂದು ಬಂದಾಗ ದೊಡ್ಡ ಗಲಾಟೆಯೆದ್ದು, ‘ಟೂರಿಸ್ಟ್’ ಎಂಬ ಬೈಗುಳ ಧಾರಾಳವಾಗಿ ಬಳಕೆಯಾಯಿತು. ವಿವಾದ ಇದ್ದದ್ದು ಕಥೆಯ ಬಗ್ಗೆ. ಅಂಥದ್ದರಲ್ಲಿ ಸಾಲುಸಾಲು ಕಾದಂಬರಿ ಓದಿದ, ಆಟವಾಡದ ಓದುಗರಿಗೆ ವಾರವಾರ ಆಡುವವರಿಗಿಂತ ಹೆಚ್ಚು ತಿಳಿದಿರಬಹುದು.

ನನಗೆ ಕಾಣುವಂತೆ ಜಗಳದ ತಿರುಳು ಇಲ್ಲಿದೆ: ಇಂಥ ಪ್ರಶ್ನೆಗೆ ಯಾರ ಮಾತಿಗೆ ಎಷ್ಟು ತೂಕ ಎಂಬುದು ಒಂದು ವಿಚಾರ, ಯಾರು ಈ ಬಳಗಕ್ಕೆ ಸೇರಿದವರು ಎಂಬುದು ಇನ್ನೊಂದು. ‘ಆಡಿದ್ದೀರಾ?’ ಎಂಬ ಪ್ರಶ್ನೆ ಮೊದಲನೆಯದಕ್ಕೆ ಕೆಲವೊಮ್ಮೆ ಉಪಯುಕ್ತ. ಎರಡನೆಯದಕ್ಕೆ ಅದನ್ನು ಬಳಸಿದಾಗ ಅದು ಗೇಟ್‌ಕೀಪಿಂಗ್ ಆಗುತ್ತದೆ.

ಕಾಣಿಸುವುದು ಮಾತು, ಆಟವಲ್ಲ

ಆನ್‌ಲೈನ್ ಬಳಗದ ರಚನೆಯೇ ಈ ಗೊಂದಲವನ್ನು ಹೆಚ್ಚಿಸುತ್ತದೆ. ಐದು ಜನ ಶನಿವಾರ ಸಂಜೆ ಕುಳಿತು ನಾಲ್ಕು ಗಂಟೆ ಆಡಿದರೆ ಇಂಟರ್ನೆಟ್ಟಿನಲ್ಲಿ ಅದರ ಗುರುತೇ ಉಳಿಯದಿರಬಹುದು. ಆ ನಾಲ್ಕು ಗಂಟೆಯನ್ನು ಒಬ್ಬರು ಆಟದ ಬಗ್ಗೆ ಬರೆಯುವುದರಲ್ಲಿ ಕಳೆದರೆ ಬಳಗದ ತುಂಬ ಅವರೇ ಕಾಣಿಸುತ್ತಾರೆ. ಆಡುವವರಿಗೆ ಬಿಡುವು ಕಡಿಮೆ, ಆಡಲು ತಂಡ ಸಿಗದವರಿಗೆ ಬರೆಯಲು ಬಿಡುವು ಹೆಚ್ಚು. ಆನ್‌ಲೈನ್ ಸಮುದಾಯಗಳಲ್ಲಿ ಸುಮಾರು ಶೇ 90ರಷ್ಟು ಮಂದಿ ಓದುತ್ತಾರಷ್ಟೇ, ಶೇ 9ರಷ್ಟು ಮಂದಿ ಆಗಾಗ ಬರೆಯುತ್ತಾರೆ, ಹೆಚ್ಚಿನ ಬರಹ ಉಳಿದ ಶೇ 1ರಷ್ಟು ಮಂದಿಯದು ಎಂಬ ಸ್ಥೂಲ ಲೆಕ್ಕವನ್ನು ಬಳಕೆಯೋಗ್ಯತೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಕೊಟ್ಟಿದ್ದರು. ಆ ಶೇ 1ರ ಮಾತನ್ನು ಇಡೀ ಬಳಗದ ಅಭಿಪ್ರಾಯವೆಂದು ಕೊಳ್ಳುವ ಅಪಾಯ ಯಾವಾಗಲೂ ಇದ್ದೇ ಇದೆ, ಅವರು ಆಡುವವರೇ ಆಗಿರಲಿ, ಆಡದವರೇ ಆಗಿರಲಿ.

ಈ ಅಭಿಪ್ರಾಯಕ್ಕೆ ಈಗ ಬೆಲೆಯೂ ಬಂದಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಐದನೇ ಆವೃತ್ತಿಯ ನಿಯಮಗಳನ್ನು 2012ರಿಂದ ಸಾರ್ವಜನಿಕ ಪರೀಕ್ಷೆಗೆ ಬಿಟ್ಟು, ಸಮೀಕ್ಷೆಗಳ ಮೂಲಕ ಅನಿಸಿಕೆ ಸಂಗ್ರಹಿಸಿ ತಿದ್ದಿತು. 2023ರ ಜನವರಿಯಲ್ಲಿ, ಇತರರು ಆಟದ ನಿಯಮಗಳನ್ನು ಬಳಸಿ ಪುಸ್ತಕ ಹೊರತರಲು 2000ದಿಂದ ಇದ್ದ ಮುಕ್ತ ಪರವಾನಗಿಯನ್ನು ಬದಲಾಯಿಸುವ ಯೋಜನೆ ಸೋರಿಕೆಯಾದಾಗ ಆನ್‌ಲೈನ್‌ನಲ್ಲಿ ಭಾರಿ ವಿರೋಧ ಎದ್ದಿತು. ಕಂಪನಿಯ ಸಮೀಕ್ಷೆಗೆ 15,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದು, ತಿಂಗಳು ಮುಗಿಯುವ ಮುನ್ನವೇ ಯೋಜನೆಯನ್ನು ಕೈಬಿಡಲಾಯಿತು. ಹೀಗೆ ಬರೆದ ಮಾತಿನಿಂದ ಆಟವೇ ಬದಲಾಗುವುದಾದರೆ, ಮಾತನಾಡುತ್ತಿರುವವರು ಯಾರು ಎಂಬ ಪ್ರಶ್ನೆ ಹರಿತವಾಗುವುದು ಸಹಜ.

ಗೇಟ್‌ಕೀಪಿಂಗ್ ಅನ್ನು ಬಹಿರಂಗವಾಗಿಯೇ ಸಮರ್ಥಿಸುವವರ ವಾದವೂ ಇದೇ: ಕಂಪನಿಗಳು ಕೊಳ್ಳದ, ಆಡದ ಜನರನ್ನು ಮೆಚ್ಚಿಸಲು ಹೋಗಿ ಆಟವನ್ನು ಕೆಡಿಸುತ್ತವೆ. ಯಾರು ಕೊಳ್ಳುತ್ತಾರೆ ಎಂಬ ಲೆಕ್ಕ ಮಾತ್ರ ಅಷ್ಟು ನೇರವಲ್ಲ. ತಮ್ಮ ಆಟದ ಬಳಗದಲ್ಲಿ ಡಂಜನ್ ಮಾಸ್ಟರ್‌ಗಳು ಸುಮಾರು ಶೇ 20 ಮಾತ್ರ, ಆದರೆ ಹಣ ಕೊಡುವವರಲ್ಲಿ ದೊಡ್ಡ ಪಾಲು ಅವರದೇ ಎಂದು ವಿಜರ್ಡ್ಸ್‌ನ ಆಗಿನ ಮುಖ್ಯಸ್ಥೆ 2022ರ ಡಿಸೆಂಬರ್‌ನಲ್ಲಿ ಹೇಳಿದ್ದರು. ಅಂದರೆ ವಾರವಾರ ಆಡುವವರಲ್ಲೇ ಬಹುಪಾಲು ಮಂದಿ ಹೆಚ್ಚೇನೂ ಕೊಳ್ಳುವುದಿಲ್ಲ. ಅತ್ತ ನೋಡುಗರು ಆನಿಮೇಷನ್ ಸರಣಿಯೊಂದಕ್ಕೆ ಕೋಟಿಗೂ ಮೀರಿ ಡಾಲರ್ ಕೊಟ್ಟಿದ್ದಾರೆ.

ಬಳಗದ ನಿಯಮವೂ ಗೇಟ್‌ಕೀಪಿಂಗ್ ಆಗುತ್ತದೆಯೇ?

ಇಲ್ಲ. 2021ರ ನವೆಂಬರ್‌ನಲ್ಲಿ ಸ್ಪೇನ್‌ನ ವಾರ್‌ಹ್ಯಾಮರ್ ಪಂದ್ಯಾವಳಿಯೊಂದಕ್ಕೆ ಒಬ್ಬ ಆಟಗಾರ ನಾಟ್ಸಿ ಚಿಹ್ನೆ ಧರಿಸಿ ಬಂದ ಪ್ರಕರಣದ ನಂತರ, ದ್ವೇಷದ ಗುಂಪುಗಳ ಚಿಹ್ನೆಗಳಿಗೆ ತನ್ನ ಅಂಗಡಿಗಳಲ್ಲಾಗಲಿ ಕಾರ್ಯಕ್ರಮಗಳಲ್ಲಾಗಲಿ ಜಾಗವಿಲ್ಲ ಎಂದು ಗೇಮ್ಸ್ ವರ್ಕ್‌ಶಾಪ್ ಹೇಳಿಕೆ ಕೊಟ್ಟಿತು. ಆ ವ್ಯಕ್ತಿ ನಿಜಕ್ಕೂ ಆಟಗಾರನೇ, ಪಂದ್ಯಾವಳಿಗೆ ಬಂದು ಆಡುವಷ್ಟು. ಇಲ್ಲಿ ತಡೆದದ್ದು ನಡತೆಯನ್ನು; ಅದು ಯಾರಿಗಾದರೂ ಒಂದೇ ರೀತಿ ಅನ್ವಯಿಸುತ್ತದೆ, ಮೊದಲೇ ಬರೆದಿಡಬಹುದು, ಪಾಲಿಸಲೂಬಹುದು. ಗೇಟ್‌ಕೀಪಿಂಗ್ ಅಳೆಯುವುದು ವ್ಯಕ್ತಿಯ ಪೂರ್ವಾಪರವನ್ನು, ಅದರ ಅಳತೆಗೋಲು ಕೇಳುವವರ ಮನಸ್ಸಿನಲ್ಲಷ್ಟೇ ಇರುತ್ತದೆ.

ಇನ್ನು, ಆಡದೆಯೂ ಬಳಗದೊಳಗೆ ಇರಬಹುದೇ ಎಂದರೆ, ಕಲಿಯುವವರಿಗೆ ಅಂಚಿನಲ್ಲಿ ಜಾಗವಿರಬೇಕಾದ ಕಾರಣವನ್ನು ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ವಿವರಿಸಿದ್ದಾರೆ. ಲೈಬೀರಿಯಾದ ದರ್ಜಿಗಳ ಬಳಿ ಕೆಲಸಕ್ಕೆ ಸೇರಿದ ಹುಡುಗರು ಗುಂಡಿ ಹಾಕುವುದು, ಅಂಚು ಮಡಿಸುವುದು ಮುಂತಾದ ಕೊನೆಯ ಕೆಲಸಗಳಿಂದ ಆರಂಭಿಸಿ, ನಂತರ ಹೊಲಿಗೆಗೆ, ಅದಾದ ಮೇಲೆ ಬಟ್ಟೆ ಕತ್ತರಿಸುವುದಕ್ಕೆ ಬರುತ್ತಿದ್ದರು. ಮೊದಲ ದಿನದಿಂದಲೇ ಅವರು ಅಂಗಡಿಯೊಳಗೆ ಇರುತ್ತಿದ್ದರು, ಕತ್ತರಿ ಮಾತ್ರ ಕೈಗೆ ಬಂದಿರುತ್ತಿರಲಿಲ್ಲ. ಆಟದ ಬಳಗದಲ್ಲಿ ಓದುತ್ತ, ನೋಡುತ್ತ ಇರುವ ಹಲವರು ಇದೇ ಹಂತದಲ್ಲಿರುತ್ತಾರೆ. ಎಲ್ಲರೂ ಮುಂದಕ್ಕೆ ಹೋಗಲೇಬೇಕೆಂದೇನೂ ಇಲ್ಲ. ಗೊಂಬೆಗೆ ಬಣ್ಣ ಬಳಿಯುವವರು ಆಟದ ಕಡೆಗೆ ಸಾಗುತ್ತಿರುವವರಲ್ಲ, ಅವರು ಮಾಡಬೇಕೆಂದದ್ದನ್ನೇ ಮಾಡುತ್ತಿದ್ದಾರೆ.

ಹಾಗಾದರೆ ‘ಆಡುವವರು’ ಯಾರು?

ಗೆರೆ ಎಳೆಯಲು ಹೊರಟರೆ ಅದು ಎಲ್ಲಿ ನಿಲ್ಲಬೇಕೆಂಬುದೇ ಸ್ಪಷ್ಟವಾಗುವುದಿಲ್ಲ. ಶಾಲಾದಿನಗಳಲ್ಲಿ ಆಡಿ, ಮೂರು ದಶಕಗಳಿಂದ ದಾಳ ಮುಟ್ಟದೆಯೂ ತಮ್ಮನ್ನು ಹಳೆಯ ಆಟಗಾರರೆಂದು ಕರೆದುಕೊಳ್ಳುವವರಿದ್ದಾರೆ. ವಾರವಿಡೀ ನಕ್ಷೆ ಬಿಡಿಸಿ, ಊರುಗಳ ಚರಿತ್ರೆ ಬರೆದು ಸಿದ್ಧರಾದ ಡಂಜನ್ ಮಾಸ್ಟರ್‌ನ ಆಟ ಕೊನೆ ಗಳಿಗೆಯಲ್ಲಿ ರದ್ದಾದರೆ, ಆ ವಾರ ಅವರು ಆಡಿದಂತೆಯೋ ಇಲ್ಲವೋ? ಒಬ್ಬರೇ ಕುಳಿತು ದಾಳ ಮತ್ತು ನೋಟ್‌ಪುಸ್ತಕ ಹಿಡಿದು ಆಡುವ ರೋಲ್‌ಪ್ಲೇಯಿಂಗ್ ಆಟಗಳೂ ಈಗ ಹಲವಿವೆ. ಕೆಲವು ಬಳಗಗಳು ಅದನ್ನು ಆಟವೆಂದೇ ಎಣಿಸುತ್ತವೆ, ಕೆಲವು ಒಪ್ಪುವುದಿಲ್ಲ.

ಬಳಗ ನಡೆಸುವ ಮಾಡರೇಟರ್‌ಗಳು ಈ ಗೆರೆಯ ಗೊಡವೆಗೇ ಹೋಗದೆ ಕೆಲಸ ಸಾಗಿಸಬಹುದು. ನಿಯಮಗಳ ಚರ್ಚೆ, ಕಥಾಲೋಕ, ಚಿತ್ರ ಮತ್ತು ಬಣ್ಣ, ನೇರಪ್ರಸಾರಗಳ ಮಾತು ಇವುಗಳಿಗೆ ಬೇರೆ ಬೇರೆ ವಿಭಾಗ ಮಾಡುವುದು ಒಂದು ಉಪಾಯ. ಹೊಸ ನಿಯಮದ ಬಗ್ಗೆ ಅಭಿಪ್ರಾಯ ಬರೆಯುವವರು ‘ಆಡಿ ನೋಡಿದ್ದು’ ಅಥವಾ ‘ಓದಿ ಹೇಳಿದ್ದು’ ಎಂಬ ಟ್ಯಾಗ್ ಹಾಕಬೇಕೆಂದು ಕೇಳುವುದು ಇನ್ನೊಂದು. ಟ್ಯಾಗ್ ಇದ್ದಾಗ ‘ನೀವು ಆಡಿದ್ದೀರಾ?’ ಎಂದು ಮತ್ತೆ ಕೇಳಬೇಕಾಗಿಲ್ಲ; ಓದುವವರು ಯಾವ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ತಾವೇ ನಿರ್ಧರಿಸುತ್ತಾರೆ.